ಹನ್ನೆರಡು ಅಡಿ ಓಣಿಯಲ್ಲಿ ಕಾರು

ಪ್ರಶ್ನೆ: ನಾವಿರುವುದು ಕಲಬುರಗಿಯ ಬ್ರಹ್ಮಪುರದ ಹಳೆಯ ಮನೆಯಲ್ಲಿ. ನಾನು ಸೇಡಂ ರಸ್ತೆಯ ಕಡೆ ಒಂದು ಶಾಲೆಯಲ್ಲಿ ಶಿಕ್ಷಕಿ. ಮನೆಯಿಂದ ಶಾಲೆಗೆ ಆರು ಕಿಲೋಮೀಟರ್, ಸ್ಕೂಟಿ ಮೇಲೆ ಹೋಗಿ ಬರುತ್ತೇನೆ. ಯಜಮಾನರನ್ನು ಫ್ಯಾಕ್ಟರಿ ಬಸ್ಸೇ ಕರೆದೊಯ್ಯುತ್ತದೆ. ಮಗನಿಗೆ ಹನ್ನೊಂದು, ಮಗಳಿಗೆ ಏಳು ವರ್ಷ. ಅತ್ತೆಯವರಿಗೆ ಮೊಣಕಾಲು ನೋವು, ತಿಂಗಳಿಗೆ ಎರಡು ಸಲ ದವಾಖಾನೆ. ನನ್ನ ತವರು ಆಳಂದ ತಾಲೂಕಿನಲ್ಲಿ, 50 ಕಿಲೋಮೀಟರ್ ದೂರ. ಅಲ್ಲಿಗೂ ತಿಂಗಳಿಗೆ ಎರಡು ಸಲ ಹೋಗುತ್ತೇವೆ. ಹೋದ ಮೇ ತಿಂಗಳಲ್ಲಿ ನಾಲ್ವರೂ ಒಂದೇ ಸ್ಕೂಟಿ ಮೇಲೆ ಬರುವಾಗ ಮಗನಿಗೆ ಬಿಸಿಲು ಬಡಿದು ವಾಂತಿಯಾಯಿತು. ಅವತ್ತಿನಿಂದ ಯಜಮಾನರು ಕಾರು ತಗೊಳ್ಳಲೇಬೇಕೆಂದು ಹಟ ಹಿಡಿದಿದ್ದಾರೆ. ಒಂಬತ್ತು ಲಕ್ಷದ ಕಾರು, ಏಳು ಲಕ್ಷ ಸಾಲ. ಓಣಿಯಲ್ಲಿ ಈಗಾಗಲೇ ಮೂರು ಕಾರು ನಿಲ್ಲುತ್ತವೆ, ದಿನಾ ಜಗಳ. ಬೆಂಗಳೂರಿನಲ್ಲಿರುವ ತಮ್ಮ ‘ಕಾರು ಬೇಡಕ್ಕಾ, ಆ್ಯಪ್‌ನಲ್ಲಿ ಗಾಡಿ ಕರೆಸಿಕೋ’ ಅನ್ನುತ್ತಾನೆ. ‘ಅದು ದೊಡ್ಡ ಊರಿನ ಮಾತು, ನಮ್ಮೂರಾಗ ನಡಿಯಂಗಿಲ್ಲ’ ಅಂತ ಇವರು. ಯಾರ ಮಾತು ಸರಿ?

ಉತ್ತರ: ಮೊದಲು ಆ ಮೇ ತಿಂಗಳ ಪ್ರಯಾಣದ ಬಗ್ಗೆ ಹೇಳುತ್ತೇನೆ, ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ಕಲಕಿದ್ದು ಅದೇ. ನಾಲ್ವರು ಒಂದೇ ಸ್ಕೂಟಿ ಮೇಲೆ 50 ಕಿಲೋಮೀಟರ್ ಹೋಗುವುದು ಇವತ್ತೇ ನಿಲ್ಲಬೇಕು. ಕಾರು ಬರಲಿ ಬಿಡಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೋಟಾರು ವಾಹನ ಕಾಯ್ದೆ ದ್ವಿಚಕ್ರ ವಾಹನದಲ್ಲಿ ಓಡಿಸುವವರ ಹಿಂದೆ ಒಬ್ಬರಿಗೆ ಮಾತ್ರ ಅವಕಾಶ ಕೊಟ್ಟಿದೆ. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಕಾಯ್ದೆ ಪಕ್ಕಕ್ಕಿರಲಿ. ಮುಂದೆ ನಿಂತ ಮಗುವಿನ ಎದೆ ಹ್ಯಾಂಡಲ್‌ಗೆ ತಾಗುತ್ತಿರುತ್ತದೆ, ಹಿಂದೆ ಕೂತವರ ಭಾರಕ್ಕೆ ಬ್ರೇಕ್ ಹಿಡಿದರೂ ಗಾಡಿ ಬೇಗ ನಿಲ್ಲುವುದಿಲ್ಲ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 42–43 ಡಿಗ್ರಿ ಬಿಸಿಲು ಮಾಮೂಲಿ. ಡಾಂಬರಿನ ಝಳ ಅದರ ಮೇಲೆ. ಮಗುವಿಗೆ ವಾಂತಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ಯಜಮಾನರ ಹಟವನ್ನು ದೊಡ್ಡಸ್ತಿಕೆಯ ಆಸೆ ಎಂದು ತಳ್ಳಿಹಾಕಬೇಡಿ. ಮಕ್ಕಳನ್ನು ನೆರಳಲ್ಲಿ ಕರೆದೊಯ್ಯಬೇಕು ಅನ್ನುವ ತಂದೆಯ ಮಾತು ಅದು, ಸರಿಯಾದ ಮಾತೇ.

ಅವರು ಹೇಳುವ ಅಗತ್ಯ ನಿಜವಾದದ್ದು. ಆ ಅಗತ್ಯ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡಿದರೆ ಉತ್ತರ ಬೇರೆಯಾಗುತ್ತದೆ. ನೀವು ಬರೆದದ್ದನ್ನೇ ಮತ್ತೊಮ್ಮೆ ಓದಿ. ಕಾರಿಲ್ಲದೆ ಕಷ್ಟವಾದದ್ದು ಆಳಂದ ರಸ್ತೆಯಲ್ಲಿ. ಊರೊಳಗೆ ನಿಮಗೆ ಕಾರಿಲ್ಲದೆ ಆದ ತೊಂದರೆ ಅತ್ತೆಯವರ ದವಾಖಾನೆಯದೊಂದೇ. ಕಲಬುರಗಿಯಂಥ ಊರುಗಳ ವಿಷಯದಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ: ಇಲ್ಲಿ ಕಾರು ಬೇಕಾಗುವುದು ಊರು ಬಿಟ್ಟು ಹೊರಗೆ ಹೋಗಲಿಕ್ಕೆ. ಊರೊಳಗೆ ಅದರ ಕೆಲಸ ಅತಿ ಕಡಿಮೆ. ಆದರೆ ತಗೊಂಡ ಕಾರು ಮೂವತ್ತು ದಿನವೂ ಊರೊಳಗೇ, ಅದರಲ್ಲೂ ಓಣಿಯೊಳಗೇ ಇರುತ್ತದೆ.

2011ರ ಜನಗಣತಿಯಲ್ಲಿ ನಮ್ಮ ನಗರದ ಜನ ಸುಮಾರು 5.3 ಲಕ್ಷ. ಅಲ್ಲಿಂದೀಚೆಗೆ ಊರು ರಿಂಗ್ ರೋಡ್ ದಾಟಿ ಬೆಳೆದಿದೆ, ಆದರೂ ಸೂಪರ್ ಮಾರ್ಕೆಟ್ ಎಂಬ ನಮ್ಮ ಪೇಟೆಯನ್ನು ನಡುವೆ ಇಟ್ಟುಕೊಂಡು ನೋಡಿ. ರೈಲ್ವೆ ಸ್ಟೇಷನ್, ಕೇಂದ್ರ ಬಸ್ ನಿಲ್ದಾಣ, ಗಂಜ್, ಜಿಮ್ಸ್ ದವಾಖಾನೆ, ಜಗತ್ ಸರ್ಕಲ್, ಶರಣಬಸವೇಶ್ವರ ಗುಡಿ, ಬಂದೇ ನವಾಜ್ ದರ್ಗಾ ಎಲ್ಲವೂ ಐದಾರು ಕಿಲೋಮೀಟರ್ ಒಳಗೇ ಸಿಗುತ್ತವೆ. ಬೆಂಗಳೂರಿನಲ್ಲಿ ಇಷ್ಟು ದೂರದಲ್ಲಿ ಒಂದು ಬಡಾವಣೆಯೂ ಮುಗಿಯುವುದಿಲ್ಲ. ನಿಮ್ಮ ತಮ್ಮನ ಊರಿನಲ್ಲಿ 2011ರ ಅಕ್ಟೋಬರ್‌ನಿಂದ ಮೆಟ್ರೊ ಓಡುತ್ತಿದೆ. ಅದು ಅಲ್ಲಿ ಬೇಕಾದದ್ದು ಜನ ದಿನಾ 20–30 ಕಿಲೋಮೀಟರ್ ಓಡಾಡುವುದರಿಂದ. ನಮ್ಮಲ್ಲಿ ಮೆಟ್ರೊ ಇಲ್ಲ, ಬೇಕಾಗಿಯೂ ಇಲ್ಲ. ಹಾಗಾಗಿ ಕಾರು ಬೇಡವೆಂದದ್ದರಲ್ಲಿ ತಮ್ಮ ಸರಿ, ಕಾರಣ ಮಾತ್ರ ಬೇರೆ. ಆ್ಯಪ್ ನಂಬಿ ಕೂಡುವ ಊರು ನಮ್ಮದಲ್ಲ ಅಂದದ್ದರಲ್ಲಿ ಯಜಮಾನರು ಸರಿ.

ಈಗ ದುಡ್ಡಿನ ಮಾತು. ಶೋರೂಮಿನಲ್ಲಿ ಹೇಳುವುದು ಕಂತಿನ ಲೆಕ್ಕ ಒಂದನ್ನೇ. ಏಳು ಲಕ್ಷ ಸಾಲ, ವರ್ಷಕ್ಕೆ ನೂರಕ್ಕೆ 9ರಂತೆ ಬಡ್ಡಿ, ಏಳು ವರ್ಷ ಅವಧಿ ಎಂದು ಹಿಡಿದರೆ ಕಂತು ತಿಂಗಳಿಗೆ ಸುಮಾರು 11,260 ರೂಪಾಯಿ. ಏಳು ವರ್ಷಕ್ಕೆ ಕಟ್ಟುವುದು 9.46 ಲಕ್ಷ, ಅದರಲ್ಲಿ ಬಡ್ಡಿಯೇ 2.46 ಲಕ್ಷ. ಕಂತು ಮುಗಿದ ದಿನ ಕಾರು ನಿಮ್ಮದಾಗುತ್ತದೆ, ಆದರೆ ಒಂಬತ್ತು ಲಕ್ಷದ ಕಾರು ಆಗಿರುವುದಿಲ್ಲ. ವಿಮಾ ಕಂಪನಿಗಳೇ ಕಾರಿನ ಬೆಲೆಯನ್ನು ಎರಡನೆಯ ವರ್ಷಕ್ಕೆ ನೂರಕ್ಕೆ 20, ನಾಲ್ಕು ದಾಟಿ ಐದನೆಯ ವರ್ಷಕ್ಕೆ ನೂರಕ್ಕೆ 50 ಇಳಿಸಿ ಲೆಕ್ಕ ಹಾಕುತ್ತವೆ. ಏಳು ವರ್ಷ ಕಳೆದ ಮೇಲೆ ಮೂರು ಲಕ್ಷ ಬಂದರೆ ಒಳ್ಳೆಯ ಬೆಲೆ ಎಂದುಕೊಳ್ಳಿ. ಹಾಗಾದರೆ ಕರಗಿದ್ದು ಆರು ಲಕ್ಷ, ತಿಂಗಳಿಗೆ 7,140. ಬಡ್ಡಿ ತಿಂಗಳಿಗೆ 2,930. ವಿಮೆ ಸರಾಸರಿ 1,500. ಸರ್ವಿಸ್, ಟೈರ್, ಬ್ಯಾಟರಿ ಎಲ್ಲ ಸೇರಿ 1,250. ಕೂಡಿಸಿದರೆ 12,820 ರೂಪಾಯಿ. ಇದರಲ್ಲಿ ಇನ್ನೂ ಒಂದು ಹನಿ ಪೆಟ್ರೋಲ್ ಹಾಕಿಲ್ಲ. ಓಡದೆ ನಿಂತಲ್ಲೇ ನಿಂತರೂ ದಿನಕ್ಕೆ 425 ರೂಪಾಯಿ ಖರ್ಚು.

ನಿಮ್ಮ ಓಡಾಟ ಶಾಲೆ, ತವರು, ದವಾಖಾನೆ, ಬಜಾರು ಸೇರಿ ತಿಂಗಳಿಗೆ 600 ಕಿಲೋಮೀಟರ್ ದಾಟುವುದಿಲ್ಲ. ಊರೊಳಗಿನ ಗದ್ದಲದಲ್ಲಿ ಎ.ಸಿ. ಹಾಕಿಕೊಂಡು ಲೀಟರಿಗೆ 15 ಸಿಕ್ಕರೆ 40 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಆಸುಪಾಸಿನಲ್ಲಿ ಹಿಡಿದರೂ ನಾಲ್ಕು ಸಾವಿರ. ಒಟ್ಟು 16,800. ಕಿಲೋಮೀಟರಿಗೆ 28 ರೂಪಾಯಿ ಬಿದ್ದಂತಾಯಿತು. ನಿಮ್ಮಿಬ್ಬರ ಸಂಬಳಕ್ಕೆ ಇದು ದೊಡ್ಡದೋ ಸಣ್ಣದೋ ನಿಮಗೆ ಗೊತ್ತು. ಆದರೆ ‘ಕಂತು ಹನ್ನೊಂದು ಸಾವಿರ, ಹೆಂಗೋ ಕಟ್ಟೋಣ’ ಎಂದು ಹೊರಟವರು ಮೂರನೆಯ ವರ್ಷಕ್ಕೆ ಮಕ್ಕಳ ಫೀಸಿಗೆ ಕೈಗಡ ಕೇಳುವುದನ್ನು ನೋಡಿದ್ದೇನೆ. ಆ ನೋವಿನಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕಾರಿಲ್ಲದಿದ್ದರೆ ಏನು ಖರ್ಚು? ತವರಿನ ಎರಡು ಪ್ರಯಾಣಗಳಲ್ಲಿ ಒಂದಕ್ಕೆ ಡ್ರೈವರ್ ಸಮೇತ ಬಾಡಿಗೆ ಕಾರು ಮಾಡಿ. ಬಾಡಿಗೆಯನ್ನು ನಾಲ್ಕು ಕಡೆ ವಿಚಾರಿಸಿ. ಸಾಮಾನ್ಯವಾಗಿ ದಿನಕ್ಕೆ ಇಷ್ಟು ಕಿಲೋಮೀಟರ್ ಕನಿಷ್ಠ ಎಂದು ಹಿಡಿಯುತ್ತಾರೆ, ನೀವು ನೂರೇ ಓಡಿದರೂ ಕನಿಷ್ಠದ ದುಡ್ಡು ಕೊಡಬೇಕು. ಡ್ರೈವರ್ ಭತ್ಯೆ ಸೇರಿ 3,200 ಎಂದು ಹಿಡಿಯೋಣ. ಇನ್ನೊಂದು ಪ್ರಯಾಣ ಬಸ್ಸಿನಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ನಿಮಗೂ ಅತ್ತೆಯವರಿಗೂ ಮಗಳಿಗೂ ಟಿಕೆಟ್ ಇಲ್ಲ, ಮಗನಿಗೆ ಅರ್ಧ, ಯಜಮಾನರಿಗೆ ಪೂರ್ತಿ. ಹೋಗಿ ಬರಲು 250ರ ಒಳಗೆ ಮುಗಿಯುತ್ತದೆ. ಅತ್ತೆಯವರ ದವಾಖಾನೆಗೆ ಎರಡು ಸಲ ಆಟೋ, 800. ಸ್ಕೂಟಿ ಪೆಟ್ರೋಲ್ 900. ಮಳೆ, ಬಿಸಿಲು, ಮದುವೆ ಮುಂಜಿಗೆಂದು ಇನ್ನೊಂದು ಸಾವಿರ ಆಟೋಗೆ ಎತ್ತಿಡಿ. ಎಲ್ಲ ಸೇರಿ 6,200ರ ಹತ್ತಿರ. ಕಾರಿಗಿಂತ ತಿಂಗಳಿಗೆ ಹತ್ತು ಸಾವಿರಕ್ಕೂ ಹೆಚ್ಚು ಉಳಿಯುತ್ತದೆ, ಏಳು ವರ್ಷಕ್ಕೆ ಎಂಟೂವರೆ ಲಕ್ಷ ದಾಟುತ್ತದೆ. ಬೇಸಿಗೆಯ ಎರಡು ತಿಂಗಳು ಎರಡೂ ಪ್ರಯಾಣಕ್ಕೆ ಬಾಡಿಗೆ ಕಾರೇ ಮಾಡಿ, ದಯವಿಟ್ಟು. ಲೆಕ್ಕ ಅಷ್ಟರಿಂದ ಕೆಡುವುದಿಲ್ಲ.

ಬಾಡಿಗೆ ಕಾರು ಅಂದಾಗ ಒಂದು ಎಚ್ಚರಿಕೆ ಹೇಳಲೇಬೇಕು, ನಮ್ಮ ಕಡೆ ಇದನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಬಿಳಿ ಬೋರ್ಡಿನ ಕಾರು ಬಾಡಿಗೆಗೆ ತರಬೇಡಿ, ಪರಿಚಯದವರದ್ದಾದರೂ, ಐನೂರು ಕಡಿಮೆಯಾದರೂ. ಬಾಡಿಗೆಗೆ ಓಡುವ ಗಾಡಿಗೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ ಇರಬೇಕು. ನೀವೇ ಓಡಿಸಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಬಿಳಿ ಫಲಕದ ಕಾರಿನ ವಿಮೆ ಸ್ವಂತ ಬಳಕೆಗೆ ಮಾತ್ರ. ಬಾಡಿಗೆ ಕೊಟ್ಟು ಕೂತಿದ್ದಿರೆಂದು ಗೊತ್ತಾದರೆ ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯುತ್ತದೆ. ಅವಘಡ ಆದ ಮನೆಯವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು ಇಂಥ ಸಣ್ಣ ಉಳಿತಾಯದ ಕಾರಣಕ್ಕೆ. ಹಳ್ಳಿಗಳಿಗೆ ಜನ ತುಂಬಿಕೊಂಡು ಓಡುವ ಕ್ರೂಸರ್ ಜೀಪುಗಳ ವಿಷಯವೂ ಅಷ್ಟೇ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯಲ್ಲಿ ಬಸ್ಸಿಲ್ಲದ ಹಳ್ಳಿಗಳನ್ನು ಕಾಪಾಡಿರುವುದು ಅವೇ, ಅವುಗಳ ಋಣ ದೊಡ್ಡದು. ಆದರೆ ಮೇಲೆ, ಹಿಂದೆ ಜನ ಜೋತುಬಿದ್ದ ಗಾಡಿಗೆ ಮಕ್ಕಳನ್ನು ಹತ್ತಿಸಬೇಡಿ. ಮುಂದಿನದಕ್ಕೆ ಕಾಯಿರಿ.

ಇಷ್ಟೆಲ್ಲ ದುಡ್ಡಿನ ಲೆಕ್ಕವಾಯಿತು. ನಿಮ್ಮ ಸಂಬಳ ದುಪ್ಪಟ್ಟಿದ್ದರೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಬೇರೆ: ಕಾರು ಎಲ್ಲಿ ನಿಲ್ಲುತ್ತದೆ? ನಮ್ಮ ಊರುಗಳಲ್ಲಿ ಕಾರಿನ ಬಣ್ಣ ಆರಿಸಲು ಒಂದು ವಾರ ಹಿಡಿಯುತ್ತದೆ, ಜಾಗದ ವಿಚಾರ ಕಾರು ಮನೆ ಮುಂದೆ ಬಂದ ರಾತ್ರಿ ಶುರುವಾಗುತ್ತದೆ.

ಒಂದು ಕಾರು ನಿಲ್ಲಿಸಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕೆಂಬುದು ನಕ್ಷೆ ಹಾಕುವವರ ಅಳತೆ. ಅಡಿಯಲ್ಲಿ ಹೇಳಿದರೆ ಸುಮಾರು 135 ಚದರ ಅಡಿ. ನಿಮ್ಮ ಬ್ರಹ್ಮಪುರದ ಹಳೆಯ ಮನೆಗಳಲ್ಲಿ ಹತ್ತಕ್ಕೆ ಹನ್ನೆರಡರ ಕೋಣೆ ಇದ್ದರೆ 120 ಚದರ ಅಡಿ. ಒಂದು ಸಂಸಾರ ಮಲಗುವ ಕೋಣೆಗಿಂತ ಕಾರಿನ ಜಾಗ ದೊಡ್ಡದು. ಆ ಕೋಣೆಗೆ ಬಾಡಿಗೆ ಕೊಡುತ್ತೇವೆ, ಕಾರಿನ ಜಾಗಕ್ಕೆ ಕೊಡುವುದಿಲ್ಲ. ಯಾಕೆಂದರೆ ಅದು ಓಣಿ, ಎಲ್ಲರದ್ದು. ‘ರೋಡ್ ಟ್ಯಾಕ್ಸ್ ಕಟ್ಟೀವಿ, ರೋಡಿನ ಮ್ಯಾಲೆ ನಿಲ್ಲಸ್ತೀವಿ’ ಎಂಬ ವಾದ ಪ್ರತಿ ಓಣಿಯ ಜಗಳದಲ್ಲೂ ಬರುತ್ತದೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಬೆಲೆಯ ನೂರಕ್ಕೆ 14ರಷ್ಟು ಆಜೀವ ತೆರಿಗೆ, ಮೇಲೆ ಸೆಸ್ಸು. ಲಕ್ಷ ರೂಪಾಯಿ ದಾಟುತ್ತದೆ, ನಿಜ. ಆದರೆ ಅದು ಗಾಡಿಯನ್ನು ರಸ್ತೆಯಲ್ಲಿ ಓಡಿಸಲು ಕಟ್ಟುವ ತೆರಿಗೆ. ಮನೆ ಮುಂದಿನ ರಸ್ತೆಯ ತುಂಡನ್ನು ಅದು ಯಾರಿಗೂ ಬರೆದುಕೊಡುವುದಿಲ್ಲ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ 5,000 ರೂಪಾಯಿವರೆಗೆ ದಂಡ ಹಾಕಬಹುದು.

ಜಪಾನಿನಲ್ಲಿ 1962ರಲ್ಲೇ ಒಂದು ಕಾನೂನು ಬಂತು. ಕಾರು ಕೊಳ್ಳುವ ಮೊದಲು ಅದನ್ನು ನಿಲ್ಲಿಸಲು ಮನೆಯಿಂದ ಎರಡು ಕಿಲೋಮೀಟರ್ ಒಳಗೆ, ರಸ್ತೆ ಬಿಟ್ಟು, ಸ್ವಂತದ್ದೋ ಬಾಡಿಗೆಯದ್ದೋ ಜಾಗವಿದೆ ಎಂದು ಪೊಲೀಸರಿಗೆ ತೋರಿಸಬೇಕು. ಪೊಲೀಸರು ಬಂದು ಅಳೆದು ನೋಡುತ್ತಾರೆ. ನಮ್ಮ ದೇಶದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ಪಾರ್ಕಿಂಗ್ ಶುಲ್ಕ ಆ ನೆಲದ ಬೆಲೆಗೆ ತಕ್ಕಂತಿರಬೇಕು ಎಂದು ಹೇಳಿದೆ. ಹೇಳಿದ್ದು ಕಾಗದದಲ್ಲಿ ಉಳಿಯಿತು. ಕಾನೂನು ಬರುವವರೆಗೆ ಕಾಯಬೇಕಿಲ್ಲ, ನಮ್ಮ ಮನೆಯ ಮಟ್ಟಿಗೆ ಈ ನಿಯಮವನ್ನು ನಾವೇ ಹಾಕಿಕೊಳ್ಳಬಹುದು.

ನಾನು ಹಾಕಿಕೊಂಡದ್ದು ತಡವಾಗಿ. ಹದಿನೈದು ವರ್ಷದ ಹಿಂದೆ ನಾನೂ ಇದೇ ಊರಿನ ಹಳೆಯ ಓಣಿಯೊಂದರಲ್ಲಿದ್ದೆ, ಕಾರು ಮನೆ ಮುಂದೆ ನಿಲ್ಲಿಸುತ್ತಿದ್ದೆ. ಓಣಿ ಹನ್ನೆರಡು ಅಡಿ. ಕಾರು ಕನ್ನಡಿ ಸಮೇತ ಆರು ಅಡಿ. ಉಳಿದ ಆರು ಅಡಿಯಲ್ಲಿ ಸೈಕಲ್ ಮೋಟಾರು ಆರಾಮಾಗಿ ಹೋಗುತ್ತವೆ, ಯಾರಿಗೂ ತೊಂದರೆಯಿಲ್ಲ ಅಂದುಕೊಂಡಿದ್ದೆ. ಒಂದು ಏಪ್ರಿಲ್‌ನಲ್ಲಿ ನಾಲ್ಕು ದಿನ ನಲ್ಲಿ ನೀರು ಬರಲಿಲ್ಲ. ಐದನೆಯ ದಿನ ಟ್ಯಾಂಕರ್ ಬಂತು, ಟ್ರ್ಯಾಕ್ಟರ್ ಹಿಂದೆ ಕಟ್ಟಿದ್ದು, ಏಳಡಿ ಅಗಲ. ಒಳಗೆ ಬರಲಾಗದೆ ಓಣಿಯ ಬಾಯಲ್ಲೇ ನಿಂತಿತು. ನಾನು ಆಫೀಸಿಗೆ ಆಟೋದಲ್ಲಿ ಹೋಗಿದ್ದೆ, ಕಾರಿನ ಕೀಲಿ ನನ್ನ ಕಿಸೆಯಲ್ಲಿತ್ತು. ಓಣಿಯ ಹೆಣ್ಣುಮಕ್ಕಳು ಮಧ್ಯಾಹ್ನದ ಬಿಸಿಲಿನಲ್ಲಿ ಅರವತ್ತು ಹೆಜ್ಜೆ ಕೊಡ ಹೊತ್ತು ನೀರು ತುಂಬಿಕೊಂಡರು. ಅವರಲ್ಲಿ ಒಬ್ಬಾಕೆ ಬಸುರಿ. ಸಂಜೆ ಬಂದಾಗ ಯಾರೂ ನನಗೆ ಬೈಯಲಿಲ್ಲ. ನಮ್ಮ ಮನೆ ಬಾಗಿಲಿಗೂ ಎರಡು ಕೊಡ ತುಂಬಿಟ್ಟಿದ್ದರು. ಆ ಎರಡು ಕೊಡ ಇವತ್ತಿಗೂ ಕಣ್ಣ ಮುಂದಿವೆ. ಮರುದಿನವೇ ಅರ್ಧ ಕಿಲೋಮೀಟರ್ ದೂರದ ಒಂದು ಗೋದಾಮಿನ ಅಂಗಳದಲ್ಲಿ ಬಾಡಿಗೆ ಜಾಗ ಹಿಡಿದೆ.

ಅಲ್ಲಿ ಕಾರು ಇಟ್ಟ ಮೇಲೆ ಒಂದು ವಿಚಿತ್ರ ಕಂಡೆ. ನಡೆದು ಹೋಗಿ ಕಾರು ತೆಗೆಯುವಷ್ಟರಲ್ಲಿ ಸೂಪರ್ ಮಾರ್ಕೆಟ್ಟಿಗೆ ಅರ್ಧ ದಾರಿ ನಡೆದಿರುತ್ತಿದ್ದೆ. ಹಾಗಾಗಿ ಊರೊಳಗಿನ ಕೆಲಸಕ್ಕೆ ಕಾರು ತೆಗೆಯುವುದೇ ನಿಂತಿತು. ಹೊರಗೂರಿಗೆ ತಿಂಗಳಿಗೆ ಒಂದೋ ಎರಡೋ ಸಲ. ಎರಡು ವರ್ಷದಲ್ಲಿ ಇಲಿ ಎರಡು ಸಲ ವೈರ್ ಕಡಿಯಿತು, ಬ್ಯಾಟರಿ ಒಮ್ಮೆ ಸತ್ತಿತು. ಕೊನೆಗೆ ಮಾರಿದೆ. ಕಾರು ಬೇಕೇ ಬೇಡವೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ: ಮನೆಯಿಂದ ಅರ್ಧ ಕಿಲೋಮೀಟರ್ ದೂರ ನಿಲ್ಲಿಸಿದರೂ ಅದು ನಿಮಗೆ ಬೇಕೆನಿಸುತ್ತದೆಯೇ?

ನಿಮ್ಮ ಓಣಿಯನ್ನು ಟೇಪು ಹಿಡಿದು ಅಳೆಯಿರಿ. ಈಗಿರುವ ಮೂರು ಕಾರುಗಳ ಪಕ್ಕ ಎಷ್ಟು ಉಳಿದಿದೆ ನೋಡಿ. ಅಗ್ನಿಶಾಮಕ ದಳದ ದೊಡ್ಡ ಗಾಡಿ ಸುಮಾರು ಎಂಟಡಿ ಅಗಲ. ಚರಂಡಿಯ ಮೇಲೆ ಹಾಸಿದ ಶಹಾಬಾದ್ ಫರ್ಸಿಯನ್ನೂ ನೋಡಿ. ಸಣ್ಣ ಕಾರೂ ಸಾವಿರ ಕಿಲೋ ಆಸುಪಾಸು ತೂಗುತ್ತದೆ, ಒಂದೊಂದು ಗಾಲಿಯ ಮೇಲೆ ಎರಡೂವರೆ ಕ್ವಿಂಟಲ್. ಮನುಷ್ಯರು ನಡೆಯಲಿ ಎಂದು ಹಾಸಿದ ಕಲ್ಲು ದಿನಾ ಆ ಭಾರಕ್ಕೆ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಅದೇ ಬಿರುಕಿನಲ್ಲಿ ಮಕ್ಕಳ ಕಾಲು ಸಿಕ್ಕುತ್ತದೆ. ನಾಲ್ಕನೆಯ ಕಾರು ನಿಮ್ಮದಾದರೆ ಜಗಳದಲ್ಲಿ ನಿಮ್ಮದೂ ಒಂದು ಪಾಲು. ನಿಮ್ಮ ಮಕ್ಕಳು ಆಡುವುದೂ ಅದೇ ಓಣಿಯಲ್ಲಿ.

ಈಗಾಗಲೇ ಇರುವ ಜಗಳಕ್ಕೂ ಒಂದು ದಾರಿ ಹೇಳುತ್ತೇನೆ. ಸಮೀಪದ ಕಲ್ಯಾಣ ಮಂಟಪ, ಗೋದಾಮು, ಖಾಲಿ ಪ್ಲಾಟು ಇದ್ದವರ ಹತ್ತಿರ ಮೂರೂ ಕಾರಿನವರು ಸೇರಿ ಹೋಗಿ ತಿಂಗಳ ಬಾಡಿಗೆಗೆ ಜಾಗ ಕೇಳಲಿ. ಒಬ್ಬರೇ ಕೇಳಿದರೆ ಕೊಡದವರು ಮೂವರ ಬಾಡಿಗೆ ಸೇರಿದರೆ ಕೊಡುತ್ತಾರೆ. ಮದುವೆ ಸೀಜನ್ನಿನ ದಿನ ಬಿಟ್ಟುಕೊಡುತ್ತೇವೆ ಎಂದು ಮೊದಲೇ ಮಾತಾಡಿಕೊಳ್ಳಲಿ. ಓಣಿಯ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡರೆ ಪೊಲೀಸ್ ಠಾಣೆಗಿಂತ ಬೇಗ ಮುಗಿಯುತ್ತದೆ.

ಅತ್ತೆಯವರ ವಿಷಯದಲ್ಲಿ ಕಾರು ಅಷ್ಟೊಂದು ಅನುಕೂಲವೂ ಅಲ್ಲ. ಮೊಣಕಾಲು ನೋವಿನವರಿಗೆ ತಗ್ಗಿನ ಸೀಟಿನಲ್ಲಿ ಕೂತು ಏಳುವುದೇ ಶಿಕ್ಷೆ. ಆಟೋದ ಸೀಟು ಎತ್ತರ, ಹಿಡಿಯಲು ಸರಳು ಇರುತ್ತದೆ. ಕಾರಾದರೆ ದವಾಖಾನೆಯ ಗೇಟಿನಲ್ಲಿ ಅವರನ್ನು ಇಳಿಸಿ ನೀವು ಜಾಗ ಹುಡುಕಿಕೊಂಡು ಹೋಗಬೇಕು. ಅಷ್ಟು ಹೊತ್ತು ಅವರು ಒಬ್ಬರೇ ನಿಂತಿರಬೇಕು. ಓಣಿಗೆ ಪರಿಚಯದ, ಮೆಲ್ಲಗೆ ಓಡಿಸುವ ಒಬ್ಬ ಆಟೋದವರನ್ನು ಗೊತ್ತು ಮಾಡಿಕೊಳ್ಳಿ. ಹೋಗಿ, ಕಾದು, ತಿರುಗಿ ಬರಲು ಇಷ್ಟು ಎಂದು ಮೊದಲೇ ಮಾತಾಡಿ, ಕಾದದ್ದಕ್ಕೆ ಧಾರಾಳವಾಗಿ ಕೊಡಿ. ಇಂಥ ಒಬ್ಬರ ಫೋನ್ ನಂಬರು ಮನೆಯಲ್ಲಿದ್ದರೆ ಅರ್ಧರಾತ್ರಿಗೂ ಧೈರ್ಯ.

ನಿಮ್ಮ ಶಾಲೆಯ ಓಡಾಟಕ್ಕೆ ಸ್ಕೂಟಿಯೇ ಸರಿ. ಅದು ಹಳೆಯದಾಗಿದ್ದರೆ ಮುಂದಿನದು ವಿದ್ಯುತ್ತಿನದಾಗಲಿ. ದಿನಕ್ಕೆ ಹನ್ನೆರಡು ಕಿಲೋಮೀಟರ್ ಅದಕ್ಕೆ ಏನೂ ಅಲ್ಲ, ನೂರು ಕಿಲೋಮೀಟರಿಗೆ ಮೂರು ನಾಲ್ಕು ಯುನಿಟ್ ಸಾಕು. ಮನೆಯ ತಳಮಟ್ಟದಲ್ಲಿ ಸರಿಯಾದ ಅರ್ಥಿಂಗ್ ಇರುವ ಪ್ಲಗ್ಗು ಹಾಕಿಸಬೇಕು, ಕಿಟಕಿಯಿಂದ ಓಣಿಗೆ ವೈರ್ ಎಳೆಯಕೂಡದು. ನಮ್ಮ ಬಿಸಿಲಿಗೆ ಇನ್ನೊಂದು ಮಾತು: ಮಧ್ಯಾಹ್ನ ಶಾಲೆಯಿಂದ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ಆರಲಿ, ರಾತ್ರಿ ಹಾಕಿ. ಶಾಲೆಯಲ್ಲೂ ನೆರಳಿನಲ್ಲಿ ನಿಲ್ಲಿಸಿ.

ದೂರದ ಊರುಗಳಿಗೆ ಕಾರು ಬೇಕೆಂಬ ಮಾತು ನಿಮ್ಮ ಮನೆಯಲ್ಲೂ ಬಂದೇ ಬರುತ್ತದೆ, ಹೈದರಾಬಾದಿನ ಹೆಸರು ಹೇಳಿ. ಕಲಬುರಗಿ ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲೆ ಕೂತಿರುವ ಊರು, ಇದು ನಮ್ಮ ಭಾಗ್ಯ. ವಾಡಿ, ತಾಂಡೂರು ಮೇಲೆ ಹೈದರಾಬಾದಿಗೆ ಹೋಗುವ ರೈಲು ಹತ್ತಿ ನಾಂಪಲ್ಲಿಯಲ್ಲೋ ಬೇಗಂಪೇಟೆಯಲ್ಲೋ ಇಳಿದರೆ ಹತ್ತಿರದಲ್ಲೇ ಮೆಟ್ರೊ ಸ್ಟೇಷನ್ ಇದೆ, ಅಲ್ಲಿನ ಮೆಟ್ರೊ 2017ರ ನವೆಂಬರ್‌ನಿಂದ ಓಡುತ್ತಿದೆ. ಚಾರ್ಮಿನಾರ್ ಸುತ್ತ ಕಾರು ನಿಲ್ಲಿಸಲು ಪರದಾಡುವುದಕ್ಕಿಂತ ಇದು ಎಷ್ಟೋ ಮೇಲು. ಬೀದರಿಗೂ 2017ರ ಅಕ್ಟೋಬರ್‌ನಿಂದ ನೇರ ಹಳಿ ಇದೆ, 110 ಕಿಲೋಮೀಟರ್. ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹಿಂದಿನಿಂದಲೂ ಇದೆ, 2024ರಿಂದ ವಂದೇ ಭಾರತ್ ಕೂಡ. ತಮ್ಮನ ಮನೆಗೆ 600 ಕಿಲೋಮೀಟರ್ ಕಾರು ಓಡಿಸುವ ಆಲೋಚನೆಯನ್ನು ಯಜಮಾನರು ಬಿಡುವುದು ಒಳ್ಳೆಯದು. ಶಕ್ತಿ ಯೋಜನೆ ರಾಜ್ಯದ ಒಳಗೆ ಮಾತ್ರ, ಸೊಲ್ಲಾಪುರ, ಹೈದರಾಬಾದಿಗೆ ಹೋಗುವ ಅಂತರರಾಜ್ಯ ಬಸ್ಸಿನಲ್ಲಿ ನಡೆಯುವುದಿಲ್ಲ, ಇದನ್ನು ನೆನಪಿಡಿ.

ಬಸ್ಸಿನ ಬಗ್ಗೆ ನಾನು ಬರೀ ಹೊಗಳಿದರೆ ಸುಳ್ಳು ಹೇಳಿದಂತೆ. ಶಕ್ತಿ ಬಂದ ಮೇಲೆ ಹೆಣ್ಣುಮಕ್ಕಳು ದವಾಖಾನೆಗೆ, ಕಾಲೇಜಿಗೆ, ಗುಡಿಗೆ ಯಾರನ್ನೂ ದುಡ್ಡು ಕೇಳದೆ ಹೊರಟಿದ್ದಾರೆ. ಸಾರಿಗೆಯ ಕೆಲಸದಲ್ಲಿ ಇಷ್ಟು ವರ್ಷ ಕಳೆದ ನನಗೆ ಇದಕ್ಕಿಂತ ಸಂತೋಷದ ಸಂಗತಿ ಕಡಿಮೆ. ಆದರೆ ಜನ ಹೆಚ್ಚಾದಷ್ಟು ಬಸ್ಸು ಹೆಚ್ಚಾಗದಿದ್ದರೆ ಕಷ್ಟಪಡುವವರೂ ಅದೇ ಹೆಣ್ಣುಮಕ್ಕಳು. ಭಾನುವಾರ ಸಂಜೆ ಆಳಂದದಿಂದ ಎರಡು ಮಕ್ಕಳ ಕೈ ಹಿಡಿದು ನಿಂತು ಬರುವುದು ಸುಖದ ಮಾತಲ್ಲ. ಸಾಧ್ಯವಾದರೆ ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೊರಡಿ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಕೇಂದ್ರ ಕಚೇರಿ ನಮ್ಮ ಊರಿನಲ್ಲೇ ಇದೆ. ನಿಮ್ಮ ಶಾಲೆಯ ಶಿಕ್ಷಕಿಯರು ಹತ್ತು ಜನ ಸಹಿ ಹಾಕಿ, ಯಾವ ದಿನ ಎಷ್ಟು ಗಂಟೆಗೆ ಯಾವ ಮಾರ್ಗದಲ್ಲಿ ಬಸ್ಸು ಸಾಲುವುದಿಲ್ಲ ಎಂದು ಬರೆದುಕೊಡಿ. ‘ಬಸ್ ಸೌಕರ್ಯ ಕಲ್ಪಿಸಿ’ ಎಂಬ ಮನವಿ ಫೈಲಿನಲ್ಲಿ ಮಲಗುತ್ತದೆ. ಗಂಟೆ, ಮಾರ್ಗ, ಜನರ ಎಣಿಕೆ ಇದ್ದ ಮನವಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಕಾರು ಯಾರಿಗೂ ಬೇಡ ಎನ್ನುವವನಲ್ಲ ನಾನು. ಹಳ್ಳಿ ಹಳ್ಳಿ ತಿರುಗುವ ನೌಕರಿಯವರಿಗೆ, ಮನೆಯಲ್ಲಿ ಗಾಲಿ ಕುರ್ಚಿಯ ಮೇಲಿರುವವರು ಇದ್ದರೆ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಓಡಬೇಕಾದವರಿಗೆ ಅದು ಬೇಕೇ ಬೇಕು. ನಿಮ್ಮ ಲೆಕ್ಕದಲ್ಲಿ ಒಂದು ಗಡಿ ಹೀಗೆ ಸಿಗುತ್ತದೆ. ಬಾಡಿಗೆ ಕಾರಿನ ಒಂದು ದಿನಕ್ಕೆ 3,200, ಸ್ವಂತ ಕಾರಿನಲ್ಲಿ ಅದೇ ದಾರಿಗೆ ಪೆಟ್ರೋಲ್ 700. ವ್ಯತ್ಯಾಸ 2,500. ನಿಂತ ಕಾರಿನ ಖರ್ಚು 12,820ನ್ನು ಅದರಿಂದ ಭಾಗಿಸಿದರೆ ಐದು ಚಿಲ್ಲರೆ. ತಿಂಗಳಿಗೆ ಐದು ದಿನಕ್ಕಿಂತ ಹೆಚ್ಚು ಕಾರಿನಲ್ಲೇ ಊರಾಚೆ ಹೋಗುವ ಸಂಸಾರಕ್ಕೆ ಸ್ವಂತ ಕಾರು ಲಾಭ, ಅದಕ್ಕಿಂತ ಕಡಿಮೆಯಾದರೆ ಬಾಡಿಗೆ. ನೀವು ಈಗ ಹೋಗುತ್ತಿರುವುದು ಎರಡು ದಿನ.

ಹಟ ಬಿಡದೆ ತಗೊಳ್ಳಲೇಬೇಕಾದರೆ, ರಸ್ತೆ ಬಿಟ್ಟು ಜಾಗ ಗೊತ್ತಾದ ಮೇಲೆ, ಹೊಸದರ ಬದಲು ಆರೇಳು ವರ್ಷದ ಕಾರು ನೋಡಿ. ಬೆಲೆಯ ದೊಡ್ಡ ಕುಸಿತವನ್ನು ಮೊದಲಿನವರೇ ಹೊತ್ತಿರುತ್ತಾರೆ. ಮೆಕ್ಯಾನಿಕ್ ನಿಮ್ಮವನಾಗಿರಲಿ, ಮಾರುವವರು ತೋರಿಸಿದವನು ಬೇಡ. ಆರ್.ಸಿ. ಪುಸ್ತಕದಲ್ಲಿ ಬ್ಯಾಂಕಿನ ಹೈಪಾಥಿಕೇಶನ್, ಅಂದರೆ ಸಾಲಕ್ಕೆ ಕಾರನ್ನು ಒತ್ತೆ ಇಟ್ಟ ನಮೂದು, ತೆಗೆದಿದೆಯೇ ನೋಡಿ. ಹೆಸರು ವರ್ಗವಾದ ಮೇಲೆ ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ನೋಂದಣಿ ಅವಧಿ ಹದಿನೈದು ವರ್ಷ ಎಂಬುದು ಲೆಕ್ಕದಲ್ಲಿರಲಿ.

ಯಜಮಾನರಿಗೆ ಈ ಉತ್ತರವನ್ನು ಓದಿ ಹೇಳಿ ವಾದಕ್ಕೆ ಕೂರಬೇಡಿ, ಅದರಿಂದ ಹಟ ಬಲಿಯುತ್ತದೆ. ಅಡುಗೆಮನೆಯ ಕ್ಯಾಲೆಂಡರ್ ಸಾಕು. ಇವತ್ತಿನಿಂದ ಮೂರು ತಿಂಗಳು, ‘ಇವತ್ತು ಕಾರಿದ್ದಿದ್ದರೆ ಚಂದ ಇತ್ತು’ ಅನಿಸಿದ ದಿನಕ್ಕೆ ಅವರೇ ಒಂದು ಗೀಟು ಹಾಕಲಿ, ಎಲ್ಲಿಗೆ ಎಂದೂ ಬರೆಯಲಿ. ಅಂಥ ದಿನ ಸಂಕೋಚಪಡದೆ ಬಾಡಿಗೆ ಕಾರೋ ಆಟೋವೋ ಮಾಡಿ ಹೋಗಿ, ಕೊಟ್ಟ ದುಡ್ಡನ್ನು ಪಕ್ಕದಲ್ಲೇ ಬರೆಯಿರಿ. ಕಂತಿಗೆಂದು ಎತ್ತಿಡಬೇಕಿದ್ದ 11,260ನ್ನು ಪ್ರತಿ ತಿಂಗಳು ನಿಜವಾಗಿಯೂ ಬೇರೆ ಖಾತೆಗೆ ಹಾಕಿ, ಬಾಡಿಗೆಯನ್ನು ಅದರಿಂದಲೇ ಕೊಡಿ. ಮೂರು ತಿಂಗಳ ಮೇಲೆ ಇಬ್ಬರೂ ಕೂತು ಊರೊಳಗಿನ ಗೀಟು ಎಷ್ಟು, ಊರಾಚೆಯ ಗೀಟು ಎಷ್ಟು ಎಣಿಸಿ. ಊರಾಚೆಯದು ತಿಂಗಳಿಗೆ ಐದು ದಾಟಿದ್ದರೆ ಖಾತೆಯಲ್ಲಿ ಉಳಿದದ್ದನ್ನೂ ಓಣಿಯ ಅಳತೆಯನ್ನೂ ನನಗೆ ಬರೆದು ಕಳಿಸಿ. ಯಾವ ಕಾರು, ಎಲ್ಲಿ ನಿಲ್ಲಿಸುವುದು ಎಂದು ಆಗ ಮಾತಾಡೋಣ.